ತಿಪ್ಪೆಗುಂಡಿಯಿಂದ ಜೀನ್‌ವರೆಗೆ: ಹೆಬ್ಬಾಳದ ಮಣ್ಣಿನ ಒಂದು ಇತಿಹಾಸ

ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡ ಹಾಗೆ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಗಾದೆಯಲ್ಲಿ ತಿಪ್ಪೆಗೆ ಮರ್ಯಾದೆ ಕಡಿಮೆ. ಆದರೆ ಆ ಗಾದೆಯನ್ನು ಆಡುವ ಹಳ್ಳಿಯಲ್ಲೇ ದೀಪಾವಳಿ ಬಂತೆಂದರೆ ಮನೆಯ ಹೊಸ್ತಿಲಿಗೆ ದೀಪ ಇಟ್ಟ ಹಾಗೆ ತಿಪ್ಪೆಗೂ ಒಂದು ಹಣತೆ ಹಚ್ಚಿಡುವ ವಾಡಿಕೆ ಇದೆ. ತಿಪ್ಪೆ ಬಡವಾದರೆ ಹೊಲ ಬಡವಾಗುತ್ತದೆ, ಹೊಲ ಬಡವಾದರೆ ಮನೆ ಬಡವಾಗುತ್ತದೆ ಎಂಬುದು ರೈತನಿಗೆ ತಲೆಮಾರುಗಳಿಂದ ತಿಳಿದ ಮಾತು. ಏಕೆ ಹೀಗೆ ಎಂಬುದಕ್ಕೆ ಮಾತ್ರ ಅವನ ಬಳಿ ಉತ್ತರವಿರಲಿಲ್ಲ.

ವಿದ್ಯಾರ್ಥಿ ಮಿತ್ರರೆ, ಆ ಉತ್ತರ ದೊರೆತ ಬಗೆಯನ್ನು ತಿಳಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರ ಭಾಗದ ನಕ್ಷೆಯನ್ನು ಮುಂದಿಟ್ಟುಕೊಂಡರೆ ಸಾಕು. ಯಶವಂತಪುರದ ಮಗ್ಗುಲಲ್ಲಿ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಹೆಬ್ಬಾಳ. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟರೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಈ ಮೂರು ತಾಣಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಮಣ್ಣಿನ ಕುರಿತು ಕೆಲಸ ನಡೆದಿದೆ. ಆ ಕೆಲಸದ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಕೊಳೆಯುವುದೆಂದರೆ ಏನು?

ಮೊದಲು ಒಂದು ಹಿಡಿ ರಾಗಿ ಹುಲ್ಲನ್ನು ತೆಗೆದುಕೊಳ್ಳೋಣ. ಅದರ ಒಣ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಇಂಗಾಲ. ಈ ಇಂಗಾಲವನ್ನು ಪೈರು ನೆಲದಿಂದ ಹೀರಿದ್ದಲ್ಲ. ಸೂರ್ಯನ ಬೆಳಕಿನ ನೆರವಿನಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ಪಡೆದದ್ದು. ಹುಲ್ಲಿನ ಒಂದು ದೊಡ್ಡ ಪಾಲು ಸೆಲ್ಯುಲೋಸ್ ಎಂಬ ವಸ್ತು. ಗ್ಲೂಕೋಸ್ ಸಕ್ಕರೆಯ ಸಾವಿರಾರು ಅಣುಗಳನ್ನು ಸರದಂತೆ ಪೋಣಿಸಿದರೆ ಸೆಲ್ಯುಲೋಸ್ ಆಗುತ್ತದೆ.

ಈ ಹುಲ್ಲು ತೇವವಾಗಿ ಮಣ್ಣಿಗೆ ಬಿದ್ದಾಗ ಬ್ಯಾಕ್ಟೀರಿಯ, ಶಿಲೀಂಧ್ರ ಮೊದಲಾದ ಸೂಕ್ಷ್ಮಜೀವಿಗಳು ಅದಕ್ಕೆ ಮುತ್ತುತ್ತವೆ. ಅವುಗಳಿಗೆ ಬಾಯಿಲ್ಲ, ಹಲ್ಲಿಲ್ಲ. ಸೆಲ್ಯುಲೋಸ್ ಸರವನ್ನು ಹಾಗೆಯೇ ನುಂಗುವುದು ಅಸಾಧ್ಯ. ಆದ್ದರಿಂದ ಅವು ಕಿಣ್ವಗಳನ್ನು ತಮ್ಮ ದೇಹದ ಹೊರಗೆ ಸುರಿಸಿ, ಸರವನ್ನು ತುಂಡರಿಸಿ, ದೊರೆತ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಹೀಗೆ ಬಂದ ಇಂಗಾಲದಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಉಸಿರಾಟದಲ್ಲಿ ಖರ್ಚಾಗಿ ಮರಳಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಉಳಿದದ್ದು ಆ ಜೀವಿಯ ದೇಹವಾಗುತ್ತದೆ. ಜೀವಿ ಸತ್ತ ಮೇಲೆ ಅದರ ದೇಹದ ಚೂರುಗಳು ಜೇಡಿಯ ಕಣಗಳಿಗೆ ಅಂಟಿಕೊಂಡು ಬಹುಕಾಲ ಉಳಿಯಬಲ್ಲವು. ಫಲವತ್ತಾದ ಮಣ್ಣಿನ ಕಪ್ಪು ಬಣ್ಣದ ಹಿಂದೆ ಹೀಗೆ ಬದುಕಿ ಸತ್ತ ಕೋಟ್ಯಂತರ ಸೂಕ್ಷ್ಮಜೀವಿಗಳ ಪಾಲು ಗಣನೀಯವಾಗಿದೆ.

ಪ್ರಪಂಚದ ನೆಲದ ಮೇಲಿನ ಒಂದು ಮೀಟರ್ ಆಳದಲ್ಲಿ ಸುಮಾರು 1500 ಶತಕೋಟಿ ಟನ್ ಸಾವಯವ ಇಂಗಾಲವಿದೆ ಎಂದು ಅಂದಾಜು. ಇಡೀ ವಾತಾವರಣದಲ್ಲಿರುವುದು ಸುಮಾರು 900 ಶತಕೋಟಿ ಟನ್. ಎಂದರೆ ಗಾಳಿಗಿಂತ ನೆಲದಲ್ಲೇ ಹೆಚ್ಚು. ಆದರೆ ಈ ದಾಸ್ತಾನು ಹಗೇವಿನ ರಾಗಿಯಿದ್ದ ಹಾಗೆ. ಉಣ್ಣುವವರು ದಿನವೂ ಉಣ್ಣುತ್ತಿದ್ದಾರೆ. ವರ್ಷವರ್ಷವೂ ತುಂಬದಿದ್ದರೆ ತಳ ಕಾಣುತ್ತದೆ. ಬೆಂಗಳೂರು ಸುತ್ತಿನ ಕೆಂಪು ಮಣ್ಣಿನಲ್ಲಿ ಈ ಹಗೇವು ಮೊದಲೇ ಚಿಕ್ಕದು. ನೂರು ಕಿಲೋ ಮೇಲ್ಮಣ್ಣಿನಲ್ಲಿ ಅರ್ಧ ಕಿಲೋ ಆಸುಪಾಸಿನಷ್ಟು ಸಾವಯವ ಇಂಗಾಲವಿದ್ದರೆ ಹೆಚ್ಚು. ಆದ್ದರಿಂದಲೇ ಇಲ್ಲಿನ ರೈತನಿಗೆ ತಿಪ್ಪೆಯ ಮೇಲೆ ಅಷ್ಟೊಂದು ಅಕ್ಕರೆ.

ಹೆಬ್ಬಾಳದ ಮೂವತ್ತು ಎಕರೆ

1899ರಲ್ಲಿ ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಕೃಷಿ ಪ್ರಯೋಗ ಕೇಂದ್ರಕ್ಕಾಗಿ ನೀಡಿದರು. ಅಲ್ಲಿ ಕೆಲಸ ಆರಂಭಿಸಿದವರು ಅಡಾಲ್ಫ್ ಲೇಮನ್ ಎಂಬ ರಸಾಯನ ವಿಜ್ಞಾನಿ. ಬೆಳೆಗೆ ಯಾವ ಗೊಬ್ಬರ ಹಾಕಿದರೆ ಎಷ್ಟು ಫಲ ಎಂಬುದನ್ನು ಅಳತೆಮಾಡಿ ನೋಡುವ ಕೆಲಸ ಅದು. ಆ ಕಾಲದ ರಸಾಯನ ವಿಜ್ಞಾನಿಯ ದೃಷ್ಟಿಯಲ್ಲಿ ಮಣ್ಣು ಎಂದರೆ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಲೆಕ್ಕ. ಮಣ್ಣಿನೊಳಗೆ ಬದುಕುವವರ ಲೆಕ್ಕ ಇನ್ನೂ ಬಂದಿರಲಿಲ್ಲ.

1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಸೂಕ್ಷ್ಮಜೀವಿಗಳನ್ನು ಬಲ್ಲವರಾಗಿದ್ದರು. ಆದರೆ ಅವರು ಕೈಗೆತ್ತಿಕೊಂಡದ್ದು ಮಲೆನಾಡಿನ ಅಡಿಕೆಯ ಕೊಳೆರೋಗದ ಸಮಸ್ಯೆಯನ್ನು. ಆ ರೋಗದ ಶಿಲೀಂಧ್ರವನ್ನು ಅಧ್ಯಯನಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದದ್ದು ಅವರ ದೊಡ್ಡ ಕೊಡುಗೆ. ಹೀಗೆ ನಮ್ಮ ನಾಡಿನ ಕೃಷಿ ವಿಜ್ಞಾನದಲ್ಲಿ ಸೂಕ್ಷ್ಮಜೀವಿ ಮೊದಲು ಕಾಣಿಸಿಕೊಂಡದ್ದು ಬಹುಮಟ್ಟಿಗೆ ಶತ್ರುವಾಗಿ. ಅದು ರೈತನ ಆಳೂ ಆಗಬಲ್ಲದು ಎಂಬ ತಿಳಿವಳಿಕೆ ಬೇರೊಂದು ದಾರಿಯಿಂದ ಬಂತು. ಆ ದಾರಿ ಇಂಗ್ಲೆಂಡಿನ ಒಂದು ಕೊಳಚೆ ತೊಟ್ಟಿಯಿಂದ ಯಶವಂತಪುರದ ಕಡೆಗೆ ಸಾಗಿತು.

ಹೆಪ್ಪು ಹಾಕಿದ ಪ್ರಾಧ್ಯಾಪಕರು

1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನಜ್ಞರು ಚರಂಡಿಯ ನೀರಿಗೆ ಗಾಳಿ ಊದಿ, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ, ಹೊಸ ನೀರಿಗೆ ಮತ್ತೆ ಬೆರೆಸಿದರು. ಪ್ರತಿ ಸಲವೂ ನೀರು ಮೊದಲಿಗಿಂತ ಬೇಗ ಶುದ್ಧವಾಯಿತು. ಏಕೆಂದರೆ ಆ ಕೆಸರು ಕೆಲಸ ಕಲಿತ ಸೂಕ್ಷ್ಮಜೀವಿಗಳ ಹಿಂಡು. ಮನೆಯಲ್ಲಿ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ತತ್ತ್ವವೇ ಇದು. ಈ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಆರಂಭವಾದದ್ದು ಅವರ ನೇತೃತ್ವದಲ್ಲಿ.

ಫೌಲರ್ ಆ ಹೆಪ್ಪಿನ ತತ್ತ್ವವನ್ನು ಘನ ಕಸಕ್ಕೂ ಅನ್ವಯಿಸಿದರು. ಚೆನ್ನಾಗಿ ಕಳಿಯುತ್ತಿರುವ ರಾಶಿಗೆ ಹೊಸ ಕಸವನ್ನು ಸೇರಿಸುತ್ತ ಹೋದರೆ ಗೊಬ್ಬರ ಬೇಗ ಸಿದ್ಧವಾಗುತ್ತದೆ ಎಂಬುದನ್ನು ಅವರೂ ಅವರ ಸಹೋದ್ಯೋಗಿಗಳೂ 1920ರ ದಶಕದ ಆರಂಭದಲ್ಲಿ ತೋರಿಸಿದರು. ಮುಂದೆ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ರೂಪಿಸಿ 1931ರಲ್ಲಿ ಪ್ರಕಟಿಸಿದ ಇಂದೋರ್ ಪದ್ಧತಿ ಲೋಕಪ್ರಸಿದ್ಧವಾಯಿತು. ಅದರಲ್ಲಿ ರಾಶಿಯನ್ನು ಆಗಾಗ ಮಗುಚಿ ಹಾಕಿ ಗಾಳಿಯಾಡುವಂತೆ ಮಾಡುತ್ತಾರೆ. ಗೊಬ್ಬರ ಬೇಗ ಕಳಿಯುತ್ತದೆ. ಆದರೆ ಕೂಲಿ ಹೆಚ್ಚು, ನೀರು ಹೆಚ್ಚು.

ಗಾಳಿಯಿಲ್ಲದ ಕಡೆ ಏನಾಗುತ್ತದೆ? ಈ ಪ್ರಶ್ನೆಯನ್ನು ಕೇಳಿದವರು ನಮ್ಮವರು. ವಿ. ಸುಬ್ರಹ್ಮಣ್ಯನ್ 1920ರ ದಶಕದ ಕೊನೆಯಲ್ಲಿ ನೀರು ನಿಂತ ಗದ್ದೆಮಣ್ಣಿನ ಜೀವರಸಾಯನವನ್ನು ಅಧ್ಯಯನ ಮಾಡಿದರು. ಅವರು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, 1950ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಭತ್ತದ ಹುಲ್ಲನ್ನು ಗಾಳಿಯಿರುವಲ್ಲಿ, ಗಾಳಿಯಿಲ್ಲದಲ್ಲಿ, ಅರೆಗಾಳಿಯಲ್ಲಿ ಕೊಳೆಯಿಸಿ ಹೋಲಿಸಿದರು. ಆ ಪ್ರಬಂಧಗಳು 1935ರಲ್ಲಿ ಬ್ರಿಟನ್ನಿನ ಜೀವರಸಾಯನ ಪತ್ರಿಕೆಯಲ್ಲಿ ಪ್ರಕಟವಾದವು. ಗಾಳಿಯಿಲ್ಲದಾಗ ಹುಲ್ಲು ನಿಧಾನವಾಗಿ ಕೊಳೆಯುತ್ತದೆ. ಸಾವಯವ ಆಮ್ಲಗಳೂ ಮೀಥೇನ್ ಅನಿಲವೂ ಹುಟ್ಟುತ್ತವೆ. ಆದರೆ ಕೊಳೆಯಿಸುವ ಜೀವಿಗಳಿಗೆ ಬೇಕಾಗುವ ಸಾರಜನಕ ಕಡಿಮೆ. ಹುಲ್ಲಿನ ಇಂಗಾಲದ ಪಯಣ ಗಾಳಿಯೊಂದರ ಮೇಲೆ ಇಷ್ಟೊಂದು ಅವಲಂಬಿಸಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಬೆಂಗಳೂರು ಪದ್ಧತಿ

ಈ ತಿಳಿವಳಿಕೆಯಿಂದ ಆಚಾರ್ಯರು 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಗೊಬ್ಬರ ತಯಾರಿಕೆಯ ವಿಧಾನಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ಇಂದಿಗೂ ಕೃಷಿ ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಪಠ್ಯಗಳಲ್ಲಿ ಈ ಹೆಸರಿದೆ. ಸುಮಾರು 90 ಸೆಂಟಿಮೀಟರ್ ಆಳದ ಕಂದಕ ತೋಡುತ್ತಾರೆ. ಅದರಲ್ಲಿ ಊರಿನ ಕಸ 15 ಸೆಂಟಿಮೀಟರ್, ಅದರ ಮೇಲೆ ಮಲ 5 ಸೆಂಟಿಮೀಟರ್. ಹೀಗೆ ಪದರದ ಮೇಲೆ ಪದರ ಹರಡಿ, ಕೊನೆಗೆ ದಪ್ಪನಾದ ಕಸದ ಪದರ ಹಾಸಿ, ಮಣ್ಣು ಮುಚ್ಚುತ್ತಾರೆ. ಮಗುಚುವ ಕೆಲಸವಿಲ್ಲ, ನೀರು ಹಾಯಿಸುವ ಕೆಲಸವೂ ಇಲ್ಲ. ಒಂದು ವಾರದೊಳಗೆ ಗುಂಡಿ ಬಿಸಿಯೇರುತ್ತದೆ. ಎರಡು ಮೂರು ವಾರ ಉಳಿಯುವ ಆ ಕಾವಿನಲ್ಲಿ ರೋಗಾಣುಗಳೂ ನೊಣದ ಮರಿಗಳೂ ಸಾಯುತ್ತವೆ. ಆಮೇಲೆ ಒಳಗಿದ್ದ ಗಾಳಿ ಮುಗಿದು, ಗಾಳಿ ಬೇಡದ ಜೀವಿಗಳ ಸರದಿ ಬರುತ್ತದೆ. 4ರಿಂದ 6 ತಿಂಗಳಲ್ಲಿ ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರ ಸಿದ್ಧ.

ಇದರ ಹಿಂದಿನ ಉದ್ದೇಶವನ್ನು ಗಮನಿಸಬೇಕು. ಹಳ್ಳಿಯಿಂದ ರಾಗಿ, ಸೊಪ್ಪು, ತರಕಾರಿ ನಗರಕ್ಕೆ ಬರುತ್ತವೆ. ಅವುಗಳೊಡನೆ ಹೊಲದ ಸತ್ವವೂ ಬರುತ್ತದೆ. ಹಳ್ಳಿಯಲ್ಲಿ ಅದು ತಿಪ್ಪೆಯ ಮೂಲಕ ಹೊಲಕ್ಕೆ ಮರಳುತ್ತಿತ್ತು. ನಗರದಲ್ಲಿ ಆ ಹಾದಿ ಕಡಿದುಹೋಗುತ್ತದೆ. ಬೆಂಗಳೂರು ಪದ್ಧತಿ ಆ ಕಡಿದ ಹಾದಿಯನ್ನು ಕೂಡಿಸುವ ಪ್ರಯತ್ನವಾಗಿತ್ತು.

ಆದರೆ ಪದರಗಳ ಅಳತೆಯನ್ನು ಓದುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆ ಮಲವನ್ನು ಹೊತ್ತು ತಂದವರು ಯಾರು? ನಮ್ಮ ಸಮಾಜ ಆ ಹೊರೆಯನ್ನು ಹುಟ್ಟಿನ ಆಧಾರದ ಮೇಲೆ ಕೆಲವೇ ಜಾತಿಗಳ ತಲೆಯ ಮೇಲೆ ಹೊರಿಸಿತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993ರಲ್ಲೂ, ಇನ್ನಷ್ಟು ಬಿಗಿಯಾಗಿ 2013ರಲ್ಲೂ ಕಾಯಿದೆಗಳು ಬಂದವು. ಒಂದು ವಿಧಾನ ಮಣ್ಣಿಗೆ ಒಳ್ಳೆಯದಾದ ಮಾತ್ರಕ್ಕೆ ಮನುಷ್ಯನಿಗೆ ನ್ಯಾಯವಾದದ್ದು ಎಂದು ಹೇಳಲಾಗದು. ಕಡಿದ ಹಾದಿಯನ್ನು ಮತ್ತೆ ಕೂಡಿಸುವವರು ಈ ಪಾಠವನ್ನು ಮರೆಯಬಾರದು.

ಜೀನುಗಳನ್ನು ಓದುವ ಕಾಲ

ಆಚಾರ್ಯರು ಗುಂಡಿಯ ಅನಿಲವನ್ನು ಅಳೆದರು, ಆಮ್ಲವನ್ನು ಅಳೆದರು. ಆದರೆ ಒಳಗೆ ಕೆಲಸ ಮಾಡುವವರು ಯಾರು ಎಂಬುದು ಆ ತಲೆಮಾರಿಗೆ ಪೂರ್ತಿ ತಿಳಿಯುವಂತಿರಲಿಲ್ಲ. ಆಗ ಇದ್ದ ಮುಖ್ಯ ಉಪಾಯವೆಂದರೆ ಗಾಜಿನ ತಟ್ಟೆಯಲ್ಲಿ ಪೋಷಕ ದ್ರವ್ಯ ಹಾಕಿ ಸೂಕ್ಷ್ಮಜೀವಿಗಳನ್ನು ಬೆಳೆಸುವುದು. ಮಣ್ಣಿನ ಜೀವಿಗಳಲ್ಲಿ ನೂರಕ್ಕೆ ಸುಮಾರು ಒಂದು ಮಾತ್ರ ಹೀಗೆ ತಟ್ಟೆಯಲ್ಲಿ ಬೆಳೆಯುತ್ತದೆ. ಉಳಿದವು ಇದ್ದೂ ಇಲ್ಲದಂತೆ.

ಈ ತೆರೆಯನ್ನು ಸರಿಸಿದ್ದು ತಳಿವಿಜ್ಞಾನ. ಪ್ರತಿ ಜೀವಿಯ ಡಿಎನ್‌ಎಯಲ್ಲಿ ಅದು ಮಾಡಬಲ್ಲ ಕೆಲಸಗಳ ಸೂಚನೆಗಳಿರುತ್ತವೆ. ಒಂದೊಂದು ಸೂಚನೆಯೂ ಒಂದು ಜೀನ್. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಫಾಕ್ಸ್, ಮೀಥೇನ್ ಉತ್ಪಾದಿಸುವ ಜೀವಿಗಳು ನಾವಂದುಕೊಂಡಂತೆ ಬ್ಯಾಕ್ಟೀರಿಯಗಳೇ ಅಲ್ಲ, ಅವು ಜೀವಲೋಕದ ಬೇರೆಯೇ ಒಂದು ಮಹಾಶಾಖೆ ಎಂದು ತೋರಿಸಿದರು. ಆ ಶಾಖೆಗೆ ಇಂದು ಆರ್ಕಿಯ ಎಂದು ಹೆಸರು. 1990ರಲ್ಲಿ ನಾರ್ವೆಯ ವಿಗ್ಡಿಸ್ ಟೋರ್ಸ್‌ವಿಕ್ ತಟ್ಟೆಯ ಗೊಡವೆ ಬಿಟ್ಟು, ಕಾಡಿನ ಮಣ್ಣಿನಿಂದ ನೇರವಾಗಿ ಡಿಎನ್‌ಎಯನ್ನು ಹೊರತೆಗೆದರು. ಅದರಲ್ಲಿ ಸುಮಾರು 4000 ಬಗೆಯ ಬ್ಯಾಕ್ಟೀರಿಯಗಳಿಗೆ ಸಮನಾದ ವೈವಿಧ್ಯ ಕಂಡಿತು. 1998ರ ಹೊತ್ತಿಗೆ ಹೀಗೆ ಮಣ್ಣಿನ ಜೀವಸಮೂಹದ ಒಟ್ಟು ಜೀನ್‌ಭಂಡಾರಕ್ಕೆ ಮೆಟಾಜಿನೋಮ್ ಎಂಬ ಹೆಸರೂ ಬಂತು.

ಇದರಿಂದ ಬೆಂಗಳೂರು ಪದ್ಧತಿಯ ಗುಂಡಿ ಹೊಸ ಬೆಳಕಿನಲ್ಲಿ ಕಾಣುತ್ತದೆ. ಸೆಲ್ಯುಲೋಸನ್ನು ತುಂಡರಿಸುವ ಕಿಣ್ವಗಳ ಜೀನುಗಳು ಬಹಳ ಬಗೆಯ ಬ್ಯಾಕ್ಟೀರಿಯ, ಶಿಲೀಂಧ್ರಗಳಲ್ಲಿ ಹಂಚಿಹೋಗಿವೆ. ಆದ್ದರಿಂದ ಯಾವ ಊರಿನಲ್ಲೇ ಆಗಲಿ ಹುಲ್ಲು ಕೊಳೆಯುತ್ತದೆ. ಮೀಥೇನ್ ಹುಟ್ಟಿಸುವ ಎಂಸಿಆರ್ ಎಂಬ ಕಿಣ್ವದ ಜೀನ್ ಮಾತ್ರ ಆರ್ಕಿಯಗಳ ಸೊತ್ತು. ಆಮ್ಲಜನಕ ಇಲ್ಲದ ಕಡೆ ಅದರ ಕೆಲಸ. ಇತ್ತ ಗಾಳಿಯಾಡುವ ಮೇಲ್ಪದರದಲ್ಲಿ ಆ ಮೀಥೇನನ್ನೇ ಉಂಡು ಬದುಕುವ ಬ್ಯಾಕ್ಟೀರಿಯಗಳಿವೆ. ಅವುಗಳ ಜೀನೇ ಬೇರೆ. ಗುಂಡಿಯ ಮೇಲೆ ಹಾಸುವ ಮಣ್ಣು ಇಂಥ ಜೀವಿಗಳಿಗೂ ನೆಲೆಯಾಗಬಲ್ಲದು. ನೂರು ವರ್ಷಗಳಲ್ಲಿ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಲಶಾಲಿಯಾದ್ದರಿಂದ ಈ ಸಂಗತಿ ಇಂದು ಬಹಳ ಮುಖ್ಯ. ಜೀನ್ ಇರುವುದು ಸಾಮರ್ಥ್ಯ ಮಾತ್ರ. ಆ ಸಾಮರ್ಥ್ಯ ಕೆಲಸಕ್ಕೆ ಬರುವುದು ಗಾಳಿ, ನೀರು, ಆಹಾರಗಳನ್ನು ಅನುಸರಿಸಿ. ಅವುಗಳನ್ನು ಬದಲಿಸುವವರು ನಾವು.

ದಶಕಗಳ ಪಾತಿಗಳು

ಇತ್ತ ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜು ಆರಂಭವಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಬೆಳೆಯಿತು. ಡಿ.ಜೆ. ಬಾಗ್ಯರಾಜ್ ಅವರು ಬೇರಿನೊಡನೆ ಕೂಡಿ ಬದುಕುವ ಮೈಕೊರೈಜ ಶಿಲೀಂಧ್ರಗಳ ಬಗ್ಗೆ ನಡೆಸಿದ ಸಂಶೋಧನೆ ಹೆಸರಾಯಿತು. ಈ ಶಿಲೀಂಧ್ರಗಳು ಗಿಡಕ್ಕೆ ರಂಜಕವನ್ನು ತಂದುಕೊಟ್ಟು, ಬದಲಿಗೆ ಗಿಡದ ಸಕ್ಕರೆಯನ್ನು ಪಡೆಯುತ್ತವೆ. ಎಂದರೆ ಗಾಳಿಯ ಇಂಗಾಲ ಎಲೆಯಿಂದ ಬೇರಿಗೆ, ಬೇರಿನಿಂದ ಶಿಲೀಂಧ್ರದ ಎಳೆಗಳ ಮೂಲಕ ಮಣ್ಣಿಗೆ ಇಳಿಯುತ್ತದೆ.

ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇನ್ನೂ ಒಂದು ಅಮೂಲ್ಯ ಆಸ್ತಿಯಿದೆ. ಹೊರಗಿನವರ ಕಣ್ಣಿಗೆ ಅದು ಬರೀ ರಾಗಿ ಹೊಲ. 1978ರಲ್ಲಿ ಆರಂಭವಾದ ಒಂದು ಮಳೆಯಾಶ್ರಿತ ಪ್ರಯೋಗದಲ್ಲಿ ಕೆಲವು ಪಾತಿಗಳಿಗೆ ಏನೂ ಹಾಕದೆ, ಕೆಲವಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ರಾಸಾಯನಿಕ ಗೊಬ್ಬರ, ಕೆಲವಕ್ಕೆ ಎರಡನ್ನೂ ಕೊಟ್ಟು, ವರ್ಷದ ಮೇಲೆ ವರ್ಷ ಬೆಳೆಯನ್ನೂ ಮಣ್ಣನ್ನೂ ಅಳೆಯಲಾಯಿತು. 1986ರಲ್ಲಿ ರಾಗಿ ಮತ್ತು ಮುಸುಕಿನ ಜೋಳದ ಸರದಿಯಲ್ಲಿ ಇನ್ನೊಂದು ದೀರ್ಘಾವಧಿ ಪ್ರಯೋಗ ಆರಂಭವಾಯಿತು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿರುವ ಗೋಧಿ ಹೊಲದ ಪ್ರಯೋಗದ ಸಾಲಿಗೆ ಸೇರುವ ಕೆಲಸ ಇದು.

ಆ ಪಾತಿಗಳು ಕೊಟ್ಟ ಉತ್ತರ ಸ್ಪಷ್ಟ. ಸಾರಜನಕ ಗೊಬ್ಬರವೊಂದನ್ನೇ ಸುರಿದ ಪಾತಿಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ಕೊಟ್ಟಿಗೆ ಗೊಬ್ಬರದ ಜೊತೆಗೆ ಹಿತಮಿತವಾಗಿ ರಾಸಾಯನಿಕ ಗೊಬ್ಬರ ಪಡೆದ ಪಾತಿಗಳಲ್ಲಿ ಬೆಳೆಯೂ ಹೆಚ್ಚು, ಮಣ್ಣಿನ ಇಂಗಾಲವೂ ಹೆಚ್ಚು, ಸೂಕ್ಷ್ಮಜೀವಿಗಳೂ ಹೆಚ್ಚು. ಹಗೇವು ತುಂಬಿಸಿದವರಿಗೆ ಹಗೇವು ಒದಗಿತು. ಇಂದು ಡಿಎನ್‌ಎ ಓದುವ ಯಂತ್ರ ಒಂದೆರಡು ದಿನದಲ್ಲಿ ಮಣ್ಣಿನ ಜೀನುಗಳ ಪಟ್ಟಿ ಕೊಡಬಲ್ಲದು. ಆದರೆ ಆ ಪಟ್ಟಿಗೆ ಅರ್ಥ ಬರುವುದು ಆ ಮಣ್ಣಿಗೆ ನಲವತ್ತು ವರ್ಷ ಏನು ಕೊಟ್ಟಿದ್ದರು ಎಂಬ ಲೆಕ್ಕವಿದ್ದಾಗ. ಯಂತ್ರವನ್ನು ಹಣ ಕೊಟ್ಟು ತರಬಹುದು, ನಲವತ್ತು ವರ್ಷವನ್ನು ಕೊಳ್ಳಲಾಗದು. ಸುತ್ತಲೂ ಬಡಾವಣೆಗಳೆದ್ದಿರುವ ಬಳ್ಳಾರಿ ರಸ್ತೆಯಲ್ಲಿ ಆ ಪಾತಿಗಳನ್ನು ಉಳಿಸಿಕೊಳ್ಳುವುದೆಂದರೆ ಒಂದು ಗ್ರಂಥಾಲಯವನ್ನು ಉಳಿಸಿಕೊಂಡಂತೆ.

ಮಾವಳ್ಳಿಪುರದ ಪಾಠ

ಒಳಚರಂಡಿಗಳು ಬಂದವು, ರಾಸಾಯನಿಕ ಗೊಬ್ಬರ ಸುಲಭವಾಗಿ ಸಿಗತೊಡಗಿತು, ಕಸದಲ್ಲಿ ಪ್ಲಾಸ್ಟಿಕ್ ತುಂಬಿತು. ಬೆಂಗಳೂರು ಪದ್ಧತಿಗೆ ಹೆಸರು ಕೊಟ್ಟ ನಗರವೇ ಅದನ್ನು ಬಹುಮಟ್ಟಿಗೆ ಮರೆಯಿತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ನಗರದ ಕಸದಿಂದ ಗೊಬ್ಬರ ಮಾಡುವ ಕೆಲಸ ಮುಂದುವರಿಸಿತಾದರೂ, ಬೆಳೆದ ನಗರದ ಕಸದ ಬಹುಪಾಲು ವಿಂಗಡಣೆಯಿಲ್ಲದೆ ಊರಾಚೆಗೆ ಹೋಯಿತು. ಯಲಹಂಕದ ಸಮೀಪದ ಮಾವಳ್ಳಿಪುರದಲ್ಲಿ ಹಾಗೆ ಕಸದ ಬೆಟ್ಟ ಬೆಳೆಯಿತು. ಬಾವಿಯ ನೀರು ಕೆಟ್ಟಿತೆಂದು, ದುರ್ನಾತ ತಡೆಯಲಾಗದೆಂದು ಹಳ್ಳಿಯವರು ಹೋರಾಡಿದ ಮೇಲೆ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಅದೇ ವರ್ಷ ರಾಜ್ಯದ ಉಚ್ಚ ನ್ಯಾಯಾಲಯ ಮನೆಯಲ್ಲೇ ಹಸಿ ಕಸ, ಒಣ ಕಸ ವಿಂಗಡಿಸುವುದು ಕಡ್ಡಾಯವೆಂದು ಆದೇಶಿಸಿತು.

ಆಚಾರ್ಯರ ಕಂದಕದಲ್ಲಿ ಕೆಲಸ ಮಾಡಿದ್ದೂ ಮಾವಳ್ಳಿಪುರದ ಬೆಟ್ಟದೊಳಗೆ ಕೆಲಸ ಮಾಡಿದ್ದೂ ಒಂದೇ ಬಗೆಯ ಜೀವಿಗಳು, ಒಂದೇ ಬಗೆಯ ಜೀನುಗಳು. ಒಂದು ಕಡೆ ಅಳತೆ, ಪದರ, ಮುಚ್ಚಳ ಎಲ್ಲವೂ ಇದ್ದು ಹೊಲಕ್ಕೆ ಗೊಬ್ಬರ ದೊರೆಯಿತು. ಇನ್ನೊಂದು ಕಡೆ ಎಲ್ಲವನ್ನೂ ಕಲಸಿ ಸುರಿದದ್ದರಿಂದ ಮೀಥೇನ್ ಮತ್ತು ವಿಷದ ರಸ ದೊರೆತವು. ತಪ್ಪು ಸೂಕ್ಷ್ಮಜೀವಿಯದಲ್ಲ.

ನೀವೇ ಒಂದು ಪ್ರಯೋಗ ಮಾಡಿ ನೋಡಬಹುದು. ಹಳೆಯ ಬಿಳಿ ಹತ್ತಿ ಬಟ್ಟೆಯಿಂದ ಅಂಗೈಯಗಲದ ಎರಡು ತುಂಡು ಕತ್ತರಿಸಿ. ಹತ್ತಿಯೆಂದರೆ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ಒಂದನ್ನು ತರಗೆಲೆ ಬಿದ್ದು ಕಳಿಯುವ ಮರದ ಬುಡದಲ್ಲಿ, ಇನ್ನೊಂದನ್ನು ತುಳಿದು ಗಟ್ಟಿಯಾದ ಬೋಳು ನೆಲದಲ್ಲಿ ಒಂದು ಗೇಣು ಆಳಕ್ಕೆ ಹೂಳಿ. ಎರಡಕ್ಕೂ ಒಂದೇ ಅಳತೆಯ ನೀರು ಕೊಡಿ. ದಿನಾಂಕ ಬರೆದಿಡಿ. ಆರು ವಾರದ ಮೇಲೆ ತೆಗೆದು ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಎಷ್ಟು ತೂತು, ಎಷ್ಟು ಬಣ್ಣ ಎಂದು ಟಿಪ್ಪಣಿ ಮಾಡಿ. ಮುಂದಿನ ವರ್ಷ ಬೋಳು ನೆಲಕ್ಕೆ ಮನೆಯ ಹಸಿ ಕಸದ ಗೊಬ್ಬರ ಸೇರಿಸಿ ಮತ್ತೆ ಹೂಳಿ. ಹೆಬ್ಬಾಳದ ಮೂವತ್ತು ಎಕರೆಯಲ್ಲಿ 1899ರಲ್ಲಿ ಆರಂಭವಾದದ್ದೂ ಇಂಥದೇ ಕೆಲಸ. ದೀಪಾವಳಿಯ ದಿನ ತಿಪ್ಪೆಗೆ ಹಣತೆ ಇಡುವ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ, ಆ ಎರಡು ತುಂಡು ಬಟ್ಟೆಯನ್ನು ಅವರಿಗೂ ತೋರಿಸಿ.